ಬಲಗಡೆಯ ದೀಪ

ಹೆರ್ಮಿಲೊನ ಲಾರಿಯ ಹಿಂಬದಿಗೆ ಬಲಗಡೆಯ ಇಂಡಿಕೇಟರ್ ಇರಲಿಲ್ಲ.

ಗಾಜಿನ ಕವಚ ಇತ್ತು, ಒಳಗೆ ಬಲ್ಬೂ ಇತ್ತು, ಆದರೆ ಬಲ್ಬು ಸುಟ್ಟುಹೋಗಿತ್ತು. ಎರಡು ತಿಂಗಳಿಂದ ಹಾಗೇ ಓಡುತ್ತಿತ್ತು. ಆಲಮೊ ಊರಿನ ತೋಟಗಳಲ್ಲಿ ಕಿತ್ತಳೆ ಹೇರುವಾಗ ಪ್ರತಿ ಸಲ ಅದು ಕಣ್ಣಿಗೆ ಬೀಳುತ್ತಿತ್ತು, ಹಗ್ಗ ಬಿಗಿದು ಮುಗಿಸುವಷ್ಟರಲ್ಲಿ ಮರೆತುಹೋಗುತ್ತಿತ್ತು.

"ಬಲಗಡೆ ದೀಪ ಯಾರಿಗ್ ಬೇಕು ಭಾವ?" ಎಂದಿದ್ದ ನಿಕಾನೋರ್. ಅವನು ಹೆರ್ಮಿಲೊನ ಹೆಂಡತಿ ಒತಿಲಿಯಾಳ ತಮ್ಮ, ಮೂವತ್ತೆರಡು ವರ್ಷದವನು, ಲಾರಿಯಲ್ಲಿ ಪಾಳಿಯ ಮೇಲೆ ಸ್ಟೀರಿಂಗ್ ಹಿಡಿಯುತ್ತಿದ್ದವನು. "ಮಾತಾಡೋದು ಎಡಗಡೆದು. ಬಲಗಡೆದು ಹುಟ್ಟಾ ಮೂಗ ಅನ್ಕೊ."

ಮಾತು ಸುಳ್ಳಲ್ಲ. ರಾಜಧಾನಿಯ ಕಡೆಗೆ ಘಟ್ಟ ಹತ್ತುವ ಆ ಹಳೇ ರಸ್ತೆಯಲ್ಲಿ ಹೋಗೋಕೊಂದು ಪಟ್ಟಿ, ಬರೋಕೊಂದು ಪಟ್ಟಿ. ಆ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ. ತುಂಬಿದ ಲಾರಿ ಬಲಕ್ಕೆ ಅಂಟಿಕೊಂಡು ತೆವಳುತ್ತದೆ, ಅದರ ಬೆನ್ನಿಗೆ ಹತ್ತು ಹದಿನೈದು ಕಾರು ಸಾಲುಗಟ್ಟುತ್ತವೆ. ಹಿಂದಿನವನಿಗೆ ಲಾರಿಯ ಹಿಂಬಾಗಿಲು ಬಿಟ್ಟರೆ ಏನೂ ಕಾಣುವುದಿಲ್ಲ. ಮುಂದಿನದೆಲ್ಲ ಕಾಣುವುದು ಲಾರಿಯವನಿಗೆ. ಎದುರು ಖಾಲಿ ಇದ್ದರೆ ಅವನು ಎಡಗಡೆಯ ಇಂಡಿಕೇಟರ್ ಮಿನುಗಿಸುತ್ತಾನೆ. ಅಂದರೆ, ರಸ್ತೆ ಖಾಲಿ, ನುಗ್ಗು. ಹಿಂದಿನವನು ಎಡಕ್ಕೆ ಹೊರಳಿ ಮುಂದೆ ಹೋಗುತ್ತಾನೆ, ಹೋಗುವಾಗ ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುತ್ತಾನೆ. ಅಂದರೆ, ಉಪಕಾರವಾಯಿತು.

ಸರ್ಕಾರದ ಪುಸ್ತಕದಲ್ಲಿ ಇದೆಲ್ಲ ಇಲ್ಲ. ಅದರ ಪ್ರಕಾರ ಎಡಗಡೆ ಮಿನುಗಿದರೆ ಎಡಕ್ಕೆ ತಿರುಗುತ್ತಾನೆ ಅಂತಷ್ಟೇ ಅರ್ಥ. ಆ ಪುಸ್ತಕ ಓದಿದವರನ್ನು ಹೆರ್ಮಿಲೊ ಕಂಡಿರಲಿಲ್ಲ. ಅವನು ಲೈಸೆನ್ಸ್ ತೆಗೆದ ದಿನ ಕೌಂಟರಿನ ಹೆಂಗಸು ಕೇಳಿದ್ದು ಎರಡೇ ಮಾತು. ರಕ್ತದ ಗುಂಪು ಯಾವುದು? ಫೋಟೊಕ್ಕೆ ಯಾಕೆ ನಗ್ತಾ ಇದೀಯ? ಗಾಡಿ ಓಡಿಸಿ ತೋರಿಸು ಅಂತ ಯಾರೂ ಹೇಳಲಿಲ್ಲ.

ಆದರೂ ಇಪ್ಪತ್ತೆರಡು ವರ್ಷದಲ್ಲಿ ಅವನ ಸನ್ನೆ ನಂಬಿ ಹೊರಳಿದವರು ಒಬ್ಬರೂ ಸತ್ತಿರಲಿಲ್ಲ. ಅದು ಅವನಿಗಿದ್ದ ಒಂದೇ ಜಂಬ.

"ಹಿಂದೆ ಬರೋ ಅಪರಿಚಿತರಿಗೆಲ್ಲ ದಿನಾ ಹೋಗು ಹೋಗು ಅಂತ ಕಣ್ಣು ಮಿಟುಕಿಸ್ತೀಯ," ಎಂದು ಒತಿಲಿಯಾ ಚುಚ್ಚುತ್ತಿದ್ದಳು. "ಮನೇಲಿ ನನಗೊಂದ್ ಸಲ ಮಿಟುಕಿಸಿದ್ದುಂಟಾ?"

ಅವತ್ತು ಬೆಳಗ್ಗೆ ಹತ್ತರ ಹೊತ್ತಿಗೆ ಅವರು ಘಟ್ಟದ ಅರ್ಧ ಏರಿದ್ದರು. ಹೆರ್ಮಿಲೊ ಓಡಿಸುತ್ತಿದ್ದ. ನಿಕಾನೋರ್ ಅಕ್ಕ ಕಟ್ಟಿಕೊಟ್ಟ ಮೆಕ್ಕೆಜೋಳದ ದಪ್ಪ ರೊಟ್ಟಿಗಳನ್ನು ಒಂದೊಂದಾಗಿ ಮುಗಿಸುತ್ತ, ರಸ್ತೆ ಪಕ್ಕದ ಶಿಲುಬೆಗಳನ್ನು ಓದುತ್ತಿದ್ದ. ಎಲ್ಲಿ ಯಾರು ಸತ್ತರೋ ಅಲ್ಲೊಂದು ಕಬ್ಬಿಣದ ಶಿಲುಬೆ, ಅದರ ಮೇಲೆ ಹೆಸರು, ತಾರೀಖು, ಬಿಸಿಲಿಗೆ ಬಿಳಿಚಿದ ಪ್ಲಾಸ್ಟಿಕ್ ಹೂವು.

"ಒಂದೇ ತಿರುವಲ್ಲಿ ಏಳು," ಅಂದ. "ಇನ್ನೊಬ್ಬ ಸತ್ರೆ ನಿಂತ್ಕೊಳ್ಳೋಕೆ ಜಾಗ ಇಲ್ಲ. ಪಾಪ, ಬೇರೆ ತಿರುವು ಹುಡುಕ್ಬೇಕು."

"ಬಾಯ್ ಮುಚ್ಕೊಂಡ್ ತಿನ್ನೋ."

"ಬಾಯ್ ಮುಚ್ಕೊಂಡ್ ಹೆಂಗ್ ತಿನ್ಲಿ?"

ಹೆರ್ಮಿಲೊ ಕನ್ನಡಿ ನೋಡಿದ. ಹಿಂದೆ ಒಂದು ಹಳೇ ಬಿಳಿ ಕಾರು. ಬುಡದ ಊರಿನಿಂದ ಅದು ಬೆನ್ನಿಗೇ ಇತ್ತು. ಅದರ ಹಿಂದೆ ಒಂದು ಬಸ್ಸು, ಇನ್ನೊಂದಷ್ಟು. ಬಿಳಿ ಕಾರಿನವನಿಗೆ ಅವಸರವಿರಲಿಲ್ಲ. ಮೂಗು ಹೊರಗೆ ಚಾಚಿ ಇಣುಕುತ್ತಿರಲಿಲ್ಲ, ದೀಪ ಹೊಡೆದು ಪೀಡಿಸುತ್ತಿರಲಿಲ್ಲ. ಸನ್ನೆಗೆ ಕಾಯುತ್ತಿದ್ದ. ಅಂಥವರೆಂದರೆ ಹೆರ್ಮಿಲೊಗೆ ಇಷ್ಟ. ಮುಂದಿನ ತಿರುವು ದಾಟಿದರೆ ಅರ್ಧ ಮೈಲಿ ನೇರ ರಸ್ತೆ. ಅಲ್ಲಿ ಬಿಡೋಣ ಅಂದುಕೊಂಡ.

ತಿರುವು ದಾಟಿದ ಮೇಲೆ ನೇರ ರಸ್ತೆ ಕಾಣಲಿಲ್ಲ. ಮಂಜು ಕಂಡಿತು. ಕಣಿವೆಯಿಂದ ಎದ್ದು ರಸ್ತೆಗೆ ಅಡ್ಡ ಮಲಗಿತ್ತು. ಅವನ ಪಟ್ಟಿಯ ಮೇಲೆಯೇ ಗುಡ್ಡದಿಂದ ಜಾರಿದ ಮಣ್ಣಿನ ರಾಶಿ. ಮಂಜಿನೊಳಗೆ, ಎದುರಿನಿಂದ, ಇಳಿದು ಬರುತ್ತಿದ್ದ ಎರಡು ಮಂಕು ದೀಪ.

ಕಾಲು ಬ್ರೇಕ್ ಒತ್ತಿತು. ಕೈ ತಾನಾಗಿಯೇ ಡಬಲ್ ಇಂಡಿಕೇಟರಿನ ಗುಂಡಿಗೆ ಹೋಯಿತು. ಎರಡೂ ಕಡೆ ಒಟ್ಟಿಗೆ ಮಿನುಗಿದರೆ ಅಪಾಯ ಇದೆ, ನಿಧಾನ ಅಂತ. ಅದು ಎಲ್ಲ ಪುಸ್ತಕದಲ್ಲೂ ಎಲ್ಲ ರಸ್ತೆಯಲ್ಲೂ ಒಂದೇ ಅರ್ಥ.

ಹಿಂದೆ ಇಂಜಿನ್ ಏರಿದ ಸದ್ದು ಕೇಳಿತು. ಬಿಳಿ ಕಾರು ಎಡಕ್ಕೆ ಹೊರಳಿ ಅವನ ಕಿಟಕಿಯ ಕೆಳಗೆ ಬಂತು. ಪಕ್ಕದ ಸೀಟಿನ ಹೆಂಗಸು ಮಡಿಲಲ್ಲಿದ್ದ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಳು. ಕಾರು ದಾಟುತ್ತ ಎರಡು ಸಲ ಹಾರ್ನ್ ಹೊಡೆಯಿತು. ಚಿಕ್ಕದಾಗಿ.

ಇವನು ಯಾಕೆ ನನಗೆ ಉಪಕಾರ ಹೇಳುತ್ತಿದ್ದಾನೆ, ಎಂದುಕೊಂಡ ಹೆರ್ಮಿಲೊ. ಆ ಯೋಚನೆ ಮುಗಿಯುವ ಮುಂಚೆ ಉತ್ತರ ಹೊಳೆಯಿತು. ಅದು ಹೊಳೆಯುವ ಮುಂಚೆ ಮಂಜಿನೊಳಗಿಂದ ಮರಳಿನ ಲಾರಿ ಹೊರಗೆ ಬಂದಿತ್ತು.

ಸದ್ದು ದೊಡ್ಡದಾಗಿ ಕೇಳಲಿಲ್ಲ. ತಗಡಿನ ಪೆಟ್ಟಿಗೆ ಮಾಳಿಗೆಯಿಂದ ಬಿದ್ದ ಹಾಗೆ ಕೇಳಿತು, ಆಮೇಲೆ ಮರಳು ಸುರಿಯುವ ಸದ್ದು ಬಹಳ ಹೊತ್ತು.

ಅವನು ಇಳಿದು ಓಡಿದ. ಬಸ್ಸಿನಿಂದ ನಾಲ್ಕೈದು ಜನ ಬಂದರು. ಕಾರಿನ ಮುಂಭಾಗ ಸ್ಟೀರಿಂಗಿನವರೆಗೆ ಮಡಚಿಕೊಂಡಿತ್ತು. ಓಡಿಸುತ್ತಿದ್ದವನು ಸತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಮುದುಕಿಯ ಉಸಿರು ಇನ್ನೂ ಇತ್ತು. ಆಂಬುಲೆನ್ಸ್ ಬರುವ ಮೊದಲೇ ಅದೂ ನಿಂತಿತು. ಹೆಂಗಸನ್ನು ಹೆರ್ಮಿಲೊ ಕಿಟಕಿಯಿಂದ ಎಳೆದ. ಅವಳ ಬಲಗೈ ಬಾಗಿಲಿನ ಸಂದಿಗೆ ಸಿಕ್ಕಿ ಜಜ್ಜಿಹೋಗಿತ್ತು. ಅವಳು ಕಿರುಚಲಿಲ್ಲ. ತಪ್ಪು ಚಿಲ್ಲರೆ ಕೊಟ್ಟ ಅಂಗಡಿಯವನಿಗೆ ಹೇಳುವ ದನಿಯಲ್ಲಿ, ಮತ್ತೆ ಮತ್ತೆ ಒಂದೇ ಮಾತು ಹೇಳುತ್ತಿದ್ದಳು.

"ಲಾರಿ ದಾರಿ ಕೊಡ್ತು. ದಾರಿ ಕೊಟ್ಟ ಮೇಲೇ ಹೋಗಿದ್ದು."

ಅವಳ ಹೆಸರು ದೆಲಿಯಾ. ಸತ್ತವನು ಅವಳ ಗಂಡ ರೊಸೆಂದೊ, ಪಕ್ಕದ ಹಳ್ಳಿಯ ಶಾಲೆಯ ಮೇಷ್ಟ್ರು. ಮುದುಕಿ ಅವನ ತಾಯಿ. ಬಸ್ಸಿನಲ್ಲಿದ್ದ ಒಬ್ಬ ಅವರನ್ನು ಗುರುತು ಹಿಡಿದ.

ಮರಳು ಲಾರಿಯ ಡ್ರೈವರ್ ಹಣೆಗೆ ಬಟ್ಟೆ ಒತ್ತಿಕೊಂಡು ಚರಂಡಿಯ ಕಟ್ಟೆಯ ಮೇಲೆ ಕೂತಿದ್ದ. "ನನ್ ಪಟ್ಟಿಗೇ ಬಂದ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ. "ನಾನೇನ್ ಮಾಡ್ಲಿ, ನನ್ ಪಟ್ಟಿಗೇ ಬಂದ." ಅದೂ ನಿಜವೇ.

ಹೆರ್ಮಿಲೊ ರಕ್ತದ ಕೈ ಒರೆಸುತ್ತ ತನ್ನ ಲಾರಿಯ ಹಿಂದಕ್ಕೆ ಬಂದ. ನಿಕಾನೋರ್ ಸ್ಕ್ರೂಡ್ರೈವರ್ ಜೇಬಿಗೆ ಹಾಕುತ್ತಿದ್ದ.

"ಏನ್ ಮಾಡ್ತಿದೀಯೋ?"

"ರಿವರ್ಸ್ ದೀಪದ ಬಲ್ಬು ತೆಗ್ದು ಬಲಗಡೆಗೆ ಹಾಕ್ದೆ." ನಿಕಾನೋರ್ ದನಿ ಇಳಿಸಿದ. "ಹಂಗ್ ನೋಡ್ಬೇಡ ಭಾವ. ಇಬ್ರು ಸತ್ತಿದಾರೆ. ಈ ದೇಶದಲ್ಲಿ ಹೆಣ ಬಿದ್ರೆ ಮೊದ್ಲು ಡ್ರೈವರ್‌ನ ಒಳಗ್ ಹಾಕ್ತಾರೆ, ಆಮೇಲೆ ಕಾರಣ ಹುಡುಕ್ತಾರೆ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಕಾಫಿ ಗಿಡದೊಳಗೆ ಓಡಿ ಮಾಯ ಆಗಿರೋರು. ನಮ್ ಗಾಡಿಗೆ ಒಂದ್ ಗೀರೂ ಬಿದ್ದಿಲ್ಲ."

ಹೆರ್ಮಿಲೊ ದೀಪದ ಕವಚವನ್ನು ನೋಡಿದ. ನಾಲ್ಕು ಸ್ಕ್ರೂ. ಎರಡಕ್ಕೆ ತುಕ್ಕು.

"ಎಷ್ಟೊತ್ತು ಬೇಕಾಯ್ತು?"

"ಏನು?"

"ಹಾಕೋಕೆ."

ನಿಕಾನೋರ್ ಯೋಚಿಸಿದ. "ಎರಡ್ ನಿಮಿಷ."

ಹೆದ್ದಾರಿ ಪೊಲೀಸರು ಬಂದರು. ದೊಡ್ಡ ಹೊಟ್ಟೆಯವನು ಹಿರಿಯ. ಅವನ ಕೈಯಲ್ಲಿದ್ದ ಹಲಗೆಗೆ ಅಚ್ಚಾದ ನಮೂನೆ ಕ್ಲಿಪ್ಪಾಗಿತ್ತು. ಗಾಡಿಯಿಂದ ಇಳಿಯುವಾಗಲೇ ಅರ್ಧ ತುಂಬಿಸಿಕೊಂಡಿದ್ದ.

"ಈ ವಾರ ಇದೇ ಘಟ್ಟದಲ್ಲಿ ನಾಲ್ಕನೇದು," ಅಂದ, ಯಾರಿಗೂ ಅಲ್ಲ. "ಸೋಮವಾರದವನು ಕುಡಿದಿದ್ದ. ಮಂಗಳವಾರದವನ ಟೈರು ಬೋಳು. ನಿನ್ನೆಯವನು ಫೋನಲ್ಲಿ ಹೆಂಡ್ತಿ ಜೊತೆ ಜಗಳ ಆಡ್ತಿದ್ದ. ಮೇಷ್ಟ್ರಿಗೇನು ಅವಸರ ಇತ್ತೋ."

"ಅವರಿಗೆ ಅವಸರ ಇರಲಿಲ್ಲ," ಎಂದಳು ದೆಲಿಯಾ. ರಸ್ತೆ ಪಕ್ಕದಲ್ಲಿ ಅವಳ ಕೈಗೆ ಪಟ್ಟಿ ಸುತ್ತುತ್ತಿದ್ದರು. "ಸೈಕಲ್ ಬಂದ್ರೂ ಪಕ್ಕಕ್ಕೆ ಸರಿಯೋರು. ನಾನೇ ಬೈತಿದ್ದೆ, ನಡ್ಕೊಂಡ್ ಹೋಗಿದ್ರೆ ಇಷ್ಟೊತ್ತಿಗೆ ಮುಟ್ತಿದ್ವಿ ಅಂತ. ಆ ಲಾರಿ ಎಡಗಡೆ ದೀಪ ಹಾಕ್ತು. ನಾನ್ ನೋಡ್ದೆ."

ಪೊಲೀಸ ಹೆರ್ಮಿಲೊನ ಕಡೆ ತಿರುಗಿದ. "ಹಾಕ್ದೇನಯ್ಯಾ?"

"ಡಬಲ್ ಹಾಕ್ದೆ ಸಾಹೇಬ್ರೆ. ಮಂಜಿತ್ತು, ಮಣ್ಣು ಬಿದ್ದಿತ್ತು."

"ಡಬಲ್ ಅಂತೆ ಅಮ್ಮಾ."

"ಒಂದೇ ಮಿನುಗಿದ್ದು. ಎಡಗಡೆದು ಒಂದೇ."

"ಸರಿ, ನೋಡೇ ಬಿಡೋಣ. ಹತ್ತಯ್ಯಾ, ಹಾಕು."

ಹೆರ್ಮಿಲೊ ಹತ್ತಿದ. ಬೆರಳು ಗುಂಡಿಯ ಮೇಲಿತ್ತು. ಕನ್ನಡಿಯಲ್ಲಿ ಎಲ್ಲರೂ ಕಾಣುತ್ತಿದ್ದರು. ಪೊಲೀಸ, ಬಸ್ಸಿನ ಜನ, ಕೈ ಕಟ್ಟಿ ನಿಂತ ನಿಕಾನೋರ್, ಕತ್ತು ಚಾಚಿ ಕೂತ ಹೆಂಗಸು. ಒತ್ತಿದ. ಕ್ಯಾಬಿನ್ನಿನಲ್ಲಿ ಟಿಕ್ ಟಿಕ್ ಶುರುವಾಯಿತು.

"ಎರಡೂ ಬರ್ತಿದೆ," ಎಂದಿತು ಬಸ್ಸಿನ ಗುಂಪು. "ಸರಿಯಾಗಿ ಬರ್ತಿದೆ."

ದೆಲಿಯಾ ಬಲಗಡೆಯ ದೀಪವನ್ನು ಬಹಳ ಹೊತ್ತು ನೋಡಿದಳು.

"ಅದು ಆಗ ಇರಲಿಲ್ಲ," ಅಂದಳು. ದನಿಯಲ್ಲಿ ಮೊದಲಿನ ಗಟ್ಟಿತನವಿರಲಿಲ್ಲ.

"ತಲೆಗೆ ಪೆಟ್ಟಾಗಿದೆ ಪಾಪ," ಎಂದ ಪೊಲೀಸ, ಬರೆಯುತ್ತ. ನಮೂನೆಯಲ್ಲಿ 'ಕಾರಣ' ಅಂತ ಒಂದು ಸಾಲು, ಅದರ ಕೆಳಗೆ ಚೌಕಗಳು. ವೇಗ, ಮದ್ಯ, ನಿದ್ದೆ, ಅಜಾಗರೂಕ ಓವರ್‌ಟೇಕ್, ಇತರೆ. ಅವನು ನಾಲ್ಕನೆಯದಕ್ಕೆ ಗುರುತು ಹಾಕಿದ. "ನೀನ್ ಹೊರಡಯ್ಯಾ. ಹಿಂದೆ ಘಟ್ಟದ ಬುಡದ ತನಕ ಗಾಡಿ ನಿಂತಿವೆ."

ಹೊರಟರು.

ಮೊದಲ ಹತ್ತು ಮೈಲಿ ನಿಕಾನೋರ್ ಒಬ್ಬನೇ ಮಾತಾಡಿದ. ಮೇಷ್ಟ್ರು ಕಣ್ಣಿಟ್ಟು ನೋಡಬೇಕಿತ್ತು. ಮಂಜಿದ್ದಾಗ ಯಾರಾದರೂ ಹೊರಳುತ್ತಾರಾ? ಮರಳು ಲಾರಿಯವನೂ ವೇಗವಾಗಿ ಬಂದ. ಮಣ್ಣು ತೆಗೆಸದೆ ಇದ್ದವರದೂ ತಪ್ಪು. ಎಲ್ಲರ ಪಾಲೂ ಹಂಚಿದ ಮೇಲೆ ತನ್ನ ಪಾಲಿಗೆ ಬಂದ. "ನಾನೇನ್ ತಪ್ಪ್ ಮಾಡ್ದೆ? ದೀಪ ರಿಪೇರಿ ಮಾಡ್ದೆ. ನೀನೇ ಎರಡ್ ತಿಂಗ್ಳಿಂದ ಮಾಡ್ಬೇಕು ಮಾಡ್ಬೇಕು ಅಂತಿದ್ದೆ."

ಹೆರ್ಮಿಲೊ ಕಿಟಕಿ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಹಿಂದೆ ಗಾಡಿಗಳು ಸೇರುತ್ತಿದ್ದವು. ಎಂಟು, ಹದಿಮೂರು, ಆಮೇಲೆ ಎಣಿಸಲಾಗಲಿಲ್ಲ. ಮುಂದೆ ಒಂದು ಮೈಲಿ ನೇರ ರಸ್ತೆ, ಬಿಸಿಲು, ಒಂದು ನಾಯಿಯೂ ಇಲ್ಲ. ಎಡಗಡೆಯ ಕಡ್ಡಿಗೆ ಬೆರಳು ಹೋಯಿತು, ಹಿಂದೆ ಬಂತು.

"ಬಿಡು ಭಾವ ಅವರನ್ನ. ಖಾಲಿ ಇದೆ."

ಅವನು ಬಿಡಲಿಲ್ಲ. ಹಿಂದಿನವರು ತಾಳ್ಮೆಗೆಟ್ಟರು. ಒಬ್ಬೊಬ್ಬರೇ ಕುರುಡಾಗಿ ಹೊರಳಿ, ದಾಟುವಾಗ ಹಾರ್ನ್ ಒತ್ತಿದರು. ಎರಡು ಸಲ ಅಲ್ಲ, ಐದು ಸಲ, ಕುಣಿಸಿ ಕುಣಿಸಿ. ತಾಯಿಯನ್ನು ಬೈಯಲು ಆ ರಸ್ತೆಯಲ್ಲಿ ಬಾಯಿ ತೆರೆಯಬೇಕಿಲ್ಲ, ಐದು ಹಾರ್ನ್ ಸಾಕು. ಹನ್ನೊಂದು ಜನ ಅವನ ತಾಯಿಯನ್ನು ಬೈದು ಹೋದರು. ಅದು ಅವನಿಗೆ ನಾಟಲಿಲ್ಲ. ಕಿವಿಯಲ್ಲಿ ಆ ಎರಡು ಚಿಕ್ಕ ಹಾರ್ನ್ ಮಾತ್ರ ಉಳಿದಿದ್ದವು.

"ಜ್ವರಕ್ಕೆ ಕಷಾಯ ಕುಡಿದ ಹಂಗೆ ಮೂತಿ ಮಾಡ್ಕೊಂಡಿದೀಯ," ಎಂದ ನಿಕಾನೋರ್. "ಅಲ್ಲಿ ಬಂಕ್ ಇದೆ, ನಿಲ್ಸು. ನಾನ್ ಓಡಿಸ್ತೀನಿ. ಒಳ್ಳೆ ಕಾಫಿ ಕುಡಿ."

ಪೆಟ್ರೋಲ್ ಬಂಕ್ ರಸ್ತೆಯ ಎಡಕ್ಕಿತ್ತು. ಹೆರ್ಮಿಲೊ ವೇಗ ಇಳಿಸಿ ಎಡಗಡೆಯ ಇಂಡಿಕೇಟರ್ ಹಾಕಿದ. ತಿರುಗಬೇಕಾದವನು ಏನು ಹಾಕಬೇಕೋ ಅದನ್ನೇ ಹಾಕಿದ, ಪುಸ್ತಕದಲ್ಲಿದ್ದ ಹಾಗೆ. ಸ್ಟೀರಿಂಗ್ ಹೊರಳಿಸಿದ.

ಹಿಂದಿದ್ದ ಪಿಕಪ್ ಎಡಕ್ಕೆ ಹಾರಿ ಬಂತು.

ಹೆರ್ಮಿಲೊ ಎರಡೂ ಕಾಲಿನಿಂದ ಬ್ರೇಕ್ ತುಳಿದ. ಕಿತ್ತಳೆಯ ಹೊರೆ ಇಡೀ ಮುಂದಕ್ಕೆ ನೂಕಿತು. ನಿಕಾನೋರನ ಹಣೆ ಗಾಜಿಗೆ ಬಡಿಯಿತು. ಪಿಕಪ್ ಬಂಪರಿನಿಂದ ಒಂದು ಗೇಣು ದೂರದಲ್ಲಿ ದಾಟಿತು. ಹಿಂದಿನ ತೊಟ್ಟಿಯಲ್ಲಿ ಹೂಕೋಸಿನ ಮೂಟೆಗಳ ಮೇಲೆ ಆರೇಳು ಜನ ಕೂತಿದ್ದರು. ಏನಾಗಿಬಿಡುತ್ತಿತ್ತು ಅನ್ನುವುದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ. ಒಬ್ಬಳು ಕೈ ಬೀಸಿದಳು. ಪಿಕಪ್ಪಿನವನು ಎರಡು ಸಲ ಹಾರ್ನ್ ಹೊಡೆದ. ಚಿಕ್ಕದಾಗಿ.

ಹೆರ್ಮಿಲೊ ಬಂಕಿನ ಅಂಗಳಕ್ಕೆ ಲಾರಿ ತಂದು ಇಂಜಿನ್ ನಿಲ್ಲಿಸಲಿಲ್ಲ. ಪಂಪುಗಳನ್ನು ಸುತ್ತು ಹಾಕಿ ಮೂತಿಯನ್ನು ಬಂದ ದಾರಿಗೇ ತಿರುಗಿಸಿದ.

"ಏನಿದು?" ನಿಕಾನೋರ್ ಹಣೆ ಹಿಡಿದುಕೊಂಡಿದ್ದ. "ಎಲ್ಲಿಗೆ?"

"ಕೆಳಗೆ."

"ಹುಚ್ಚು ಹಿಡಿದಿದೆಯಾ ನಿನಗೆ? ಹೋಗಿ ಏನ್ ಹೇಳ್ತೀಯ?"

"ದೀಪ ಇರಲಿಲ್ಲ ಅಂತ."

"ಮೇಷ್ಟ್ರು ಎದ್ದು ಬರ್ತಾನಾ?"

"ಇಲ್ಲ."

"ಮತ್ತೆ? ಮತ್ತ್ಯಾಕೆ?"

ಹೆರ್ಮಿಲೊ ಹ್ಯಾಂಡ್‌ಬ್ರೇಕ್ ಎಳೆದ. "ಅವಳು ಸರಿಯಾಗೇ ನೋಡಿದ್ಲು," ಅಂದ. "ಈಗ ತಾನ್ ನೋಡಿದ್ದೇ ಸುಳ್ಳು ಅನ್ಕೊಂಡ್ ಕೂತಿರ್ತಾಳೆ."

ನಿಕಾನೋರ್ ಬಾಗಿಲು ತೆರೆದು ಇಳಿದ. "ಬಲ್ಬು ಬದಲಾಯಿಸಿದ್ದು ನಾನು ಅಂತ ಅಲ್ಲಿ ಬಾಯಿ ಬಿಟ್ರೆ, ಅಕ್ಕನ ಮುಖ ನೋಡಿ ಸುಮ್ನಿರಲ್ಲ ನಾನು. ತಿಳ್ಕೊ."

"ನಾನೇ ಹಾಕ್ದೆ ಅಂತೀನಿ."

"ನಿನಗೆ ಸ್ಕ್ರೂ ತಿರುಗಿಸೋಕೆ ಬಂದಿದ್ರೆ ಇವತ್ತು ಇದ್ಯಾವುದೂ ಆಗ್ತಿರಲಿಲ್ಲ," ಎಂದು ನಿಕಾನೋರ್ ಬಾಗಿಲು ಬಡಿದ. ಅದು ಅವರಿಬ್ಬರ ನಡುವಿನ ಕೊನೆಯ ಮಾತಾಯಿತು.

ಇಳಿಯುವಾಗ ಆ ತಿರುವಿನಲ್ಲಿ ಗಾಜು ಗುಡಿಸಿ ಪಕ್ಕಕ್ಕೆ ಹಾಕಿದ್ದರು. ಮರಳನ್ನು ಹಳ್ಳಿಯವರು ಬಕೆಟ್ಟುಗಳಲ್ಲಿ ತುಂಬಿಕೊಳ್ಳುತ್ತಿದ್ದರು. ಜಾರಿದ ಮಣ್ಣು ಇನ್ನೂ ಅಲ್ಲೇ ಇತ್ತು. ಮಂಜು ಹೋಗಿತ್ತು.

ಕೆಳಗಿನ ಊರಿನ ಆಸ್ಪತ್ರೆಯ ಹಜಾರದಲ್ಲಿ ದೆಲಿಯಾ ಬೆಂಚಿನ ಮೇಲೆ ಕೂತಿದ್ದಳು. ಕೈ ದಪ್ಪ ಬಿಳಿ ಮೂಟೆಯಾಗಿತ್ತು. ಅವನು ಎದುರಿಗೆ ನಿಂತು ಟೋಪಿ ತೆಗೆದ.

"ಬಲಗಡೆ ದೀಪ ಉರೀತಿರಲಿಲ್ಲ ಅಮ್ಮಾ. ಆಮೇಲೆ ಹಾಕಿದ್ದು. ನೀವು ಹೇಳಿದ್ದೇ ನಿಜ."

ಅವಳು ಅವನ ಅಂಗಿಯ ಮೇಲೆ ಒಣಗಿದ್ದ ರಕ್ತ ನೋಡಿದಳು. ಅದು ಅವಳದೇ.

"ಎರಡು ಸಲ ಹಾರ್ನ್ ಹೊಡೆದ್ರು ಅವರು," ಅಂದಳು. "ಕೇಳಿಸ್ತಾ?"

"ಕೇಳಿಸ್ತು."

"ನಿಮಗೇ ಹೊಡೆದಿದ್ದು."

"ಗೊತ್ತು."

"ನನಗೆ ಹೇಳಿ ಏನ್ ಬಂತು? ಅದನ್ನ ಬರ್ಕೊಂಡ್ ಹೋದ್ನಲ್ಲ, ಅವನಿಗ್ ಹೇಳಿ."

ದೊಡ್ಡ ಹೊಟ್ಟೆಯ ಪೊಲೀಸ ಠಾಣೆಯಲ್ಲಿ ಊಟ ಮಾಡುತ್ತಿದ್ದ. ಪೂರ್ತಿ ಕೇಳಿದ. ಚಮಚ ಕೆಳಗಿಟ್ಟ.

"ವರದಿ ಮುಗ್ಸಿದೀನಿ ಕಣಯ್ಯಾ. ನಿನ್ ಹೆಸರು ಅದ್ರಲ್ಲಿ ಸಾಕ್ಷಿ ಅಂತಷ್ಟೇ ಇದೆ. ಯಾವ ದೆವ್ವ ಹಿಡಿದು ವಾಪಸ್ ಬಂದೆ? ಇಪ್ಪತ್ತೈದು ವರ್ಷದ ಸರ್ವೀಸಲ್ಲಿ ಓಡಿ ಹೋದವರನ್ನ ಹಿಡ್ಕೊಂಡ್ ಬಂದಿದೀನಿ. ತಾನಾಗೇ ಬಂದವನನ್ನ ಏನ್ ಮಾಡ್ಬೇಕೋ ನಂಗೆ ಗೊತ್ತಿಲ್ಲ."

"ಬರ್ಕೊಳ್ಳಿ ಸಾಹೇಬ್ರೆ."

"ಎಲ್ಲಾ ಚೆನ್ನಾಗಿ ಉರೀತಿತ್ತು, ನಾನೇ ನೋಡ್ದೆ. ಪುರಾವೆ ಏನಿದೆ?"

"ರಿವರ್ಸ್ ಹಾಕ್ತೀನಿ, ಬಂದು ನೋಡಿ. ಒಂದು ದೀಪ ಬರಲ್ಲ. ಆ ಬಲ್ಬೇ ಬಲಗಡೆ ಕೂತಿರೋದು."

ಪೊಲೀಸ ಬಾಯಿ ಒರೆಸಿಕೊಂಡು ಹೊರಗೆ ಬಂದ. ಹೆರ್ಮಿಲೊ ಹತ್ತಿ ರಿವರ್ಸ್ ಗೇರ್ ಹಾಕಿದ. ಎಡಕ್ಕೆ ಒಂದು ಬಿಳಿ ದೀಪ ಹತ್ತಿತು, ಬಲಕ್ಕೆ ಹತ್ತಲಿಲ್ಲ. ಪೊಲೀಸ ಆ ಕತ್ತಲೆ ತೂತನ್ನೇ ನೋಡುತ್ತ ನಿಂತ.

"ಕೀ ಕೊಡು," ಅಂದ ಕೊನೆಗೆ.

ಒಳಗೆ ಬಂದು ಅವನು ಹಳೆಯ ನಮೂನೆಯನ್ನು ಹರಿಯಲಿಲ್ಲ. 'ಅಜಾಗರೂಕ ಓವರ್‌ಟೇಕ್' ಅನ್ನುವುದರ ಗುರುತನ್ನು ಅಳಿಸಲೂ ಇಲ್ಲ. ಸನ್ನೆ ನಂಬಿ ಹೊರಳಿದ್ದು ಪುಸ್ತಕದ ಪ್ರಕಾರ ಮೇಷ್ಟ್ರ ತಪ್ಪೇ. ಆದರೆ 'ಇತರೆ' ಅನ್ನುವ ಚೌಕಕ್ಕೂ ಒಂದು ಗುರುತು ಹಾಕಿ, ಪಕ್ಕದ ಗೀಟಿನ ಮೇಲೆ ಸಣ್ಣಕ್ಷರದಲ್ಲಿ ಬರೆದ. ಮುಂದಿನ ಲಾರಿಯ ಬಲ ಇಂಡಿಕೇಟರ್ ಕೆಟ್ಟಿತ್ತು. ಒಂದೇ ದೀಪ ಮಿನುಗಿತು. ಮೃತರು ದಾರಿ ಸಿಕ್ಕಿತೆಂದು ತಿಳಿದರು.

ದೆಲಿಯಾ ಮರುದಿನ ಆ ಹಾಳೆಯ ನಕಲು ತೆಗೆಸಿಕೊಂಡು ಹೋದಳು.

ಕಳೆದುಹೋದದ್ದು ಇಷ್ಟು. ರೊಸೆಂದೊ, ನಲವತ್ತೊಂದು ವರ್ಷ. ಅವನ ತಾಯಿ, ಎಪ್ಪತ್ತು. ದೆಲಿಯಾಳ ಬಲಗೈಯ ಎರಡು ಬೆರಳು. ಒಂದು ಬಿಳಿ ಕಾರು. ಠಾಣೆಯ ಹಿತ್ತಲಲ್ಲಿ ಕೊಳೆತ ಹನ್ನೊಂದು ಟನ್ ಕಿತ್ತಳೆ. ಹೆರ್ಮಿಲೊನ ಲೈಸೆನ್ಸು, ಮತ್ತು ಅವನು ಒಳಗೆ ಕಳೆದ ಹದಿನಾಲ್ಕು ತಿಂಗಳು.